ಹಳೆಯ ಸಿ ಪ್ರೋಗ್ರಾಂ ಲಿಂಕ್ ಮಾಡುವಾಗ "-ಎಲ್‌ಐಇಇಇ ಸಿಗಲಿಲ್ಲ" ಎಂದು ಬರುತ್ತಿದೆ, ಯಾವ ಪ್ಯಾಕೇಜ್ ಹಾಕಬೇಕು?

ಯಾವ ಪ್ಯಾಕೇಜೂ ಹಾಕಬೇಡಿ, ಹಾಕಲು ಈಗ ಅದು ಇಲ್ಲವೇ ಇಲ್ಲ. 2018ರ ಫೆಬ್ರವರಿಯಲ್ಲಿ ಬಂದ ಗ್ಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) 2.27ರಲ್ಲೇ, ಆ ಆಪ್ಷನ್ ಹುಡುಕುವ ಲಿಬ್‌ಐಇಇಇ ಲೈಬ್ರರಿಯನ್ನು ತೆಗೆದುಹಾಕಿದರು, ಉಬುಂಟು 18.04ರಿಂದ ಈಚೆಗೆ ಅದು ಸಿಗದು. ಮೇಕ್‌ಫೈಲಿನಲ್ಲಿ ಆ ಆಪ್ಷನ್ ಅಳಿಸಿ, ಗಣಿತದ ಲೈಬ್ರರಿಯ -ಎಲ್‌ಎಂ ಇರಲಿ. ಆಮೇಲೂ ಅದೇ ಎರರ್ ಬಂದರೆ ಲಿಂಕ್ ಮಾಡುವ ಸಾಲಿನಲ್ಲಿ -ಎಂಐಇಇಇ-ಎಫ್‌ಪಿ ಇದೆಯಾ ನೋಡಿ. ಹಳೆಯ ಜಿಸಿಸಿ ಕಂಪೈಲರ್ ಅದನ್ನು ಕಂಡರೆ ತಾನಾಗಿಯೇ -ಎಲ್‌ಐಇಇಇ ಸೇರಿಸುತ್ತಿತ್ತು.

ಆ ಲೈಬ್ರರಿ ಮಾಡುತ್ತಿದ್ದುದು ಇಷ್ಟೇ: _ಲಿಬ್_ವರ್ಷನ್ ಎಂಬ ವೇರಿಯಬಲ್ಲನ್ನು ಐಇಇಇ ಮೋಡ್‌ಗೆ ಇಡುವುದು. ಆಗ -1ರ ವರ್ಗಮೂಲ ಕೇಳಿದರೆ ನ್ಯಾನ್ (ಸಂಖ್ಯೆಯೇ ಅಲ್ಲ ಎಂಬ ಬೆಲೆ) ಬರುತ್ತಿತ್ತು, ಎರರ್ ಸಂಖ್ಯೆ ಇಡುವ ಎರ್‌ನೋ ವೇರಿಯಬಲ್ ಇದ್ದಹಾಗೇ ಇರುತ್ತಿತ್ತು. ಈಗಲೂ ಬರುವುದು ನ್ಯಾನೇ, ಜೊತೆಗೆ ಎರ್‌ನೋದಲ್ಲಿ ಇಡಿಒಎಂ (ಆರ್ಗ್ಯುಮೆಂಟ್ ಮಿತಿಯಾಚೆಗಿದೆ ಎಂಬ ಎರರ್) ಕೂರುತ್ತದೆ. ಎರ್‌ನೋ ಬೇಡವಾದರೆ -ಎಫ್‌ನೋ-ಮ್ಯಾತ್-ಎರ್‌ನೋ ಕೊಡಿ, ವರ್ಗಮೂಲದ ಲೆಕ್ಕ ಸ್ವಲ್ಪ ಬೇಗವೂ ಆಗುತ್ತದೆ. ಅದರ ಬದಲು ಫಾಸ್ಟ್-ಮ್ಯಾತ್ ಹಾಕಲು ಹೋಗಬೇಡಿ. ನ್ಯಾನ್ ಬರುವುದೇ ಇಲ್ಲವೆಂದು ಕಂಪೈಲರ್ ನಂಬಿಕೊಂಡು ನಿಮ್ಮ ಇಸ್‌ನ್ಯಾನ್ ಪರೀಕ್ಷೆಗಳನ್ನೇ ಕಿತ್ತುಹಾಕುತ್ತದೆ.

ನಿಜವಾದ ತಲೆನೋವು ಮ್ಯಾತ್‌ಎರ್, ಅಂದರೆ ಗಣಿತದ ಲೆಕ್ಕ ತಪ್ಪಾದಾಗ ಲೈಬ್ರರಿ ಕರೆಯಲೆಂದು ಪ್ರೋಗ್ರಾಂ ಬರೆದವರೇ ಕೊಡುತ್ತಿದ್ದ ಫಂಕ್ಷನ್. ಕೋಡ್‌ನಲ್ಲಿ ಈ ಹೆಸರಿನ ಫಂಕ್ಷನ್ ಇದೆಯಾ ಎಂದು ಗ್ರೆಪ್ ಮಾಡಿ. 2.27ರಲ್ಲಿ ಅದಕ್ಕೆ ಬೇಕಾದ ಎಕ್ಸೆಪ್ಷನ್ ಸ್ಟ್ರಕ್ಟೂ ಹೋಗಿದೆ, ಹಾಗಾಗಿ ಕಂಪೈಲ್ ಆಗುವಾಗಲೇ ಸಿಕ್ಕಿಬೀಳುತ್ತೀರಿ. ಎರರ್ ಓಡಿಸಲು ಕೆಲವರು ಸ್ಟ್ರಕ್ಟನ್ನು ತಾವೇ ಬರೆದುಕೊಳ್ಳುತ್ತಾರೆ. ಆಗ ಕಂಪೈಲೂ ಆಗುತ್ತದೆ, ಲಿಂಕೂ ಆಗುತ್ತದೆ, ಆದರೆ ಲೈಬ್ರರಿ ಆ ಫಂಕ್ಷನ್ನನ್ನು ಕರೆಯುವುದೇ ಇಲ್ಲ! ತಪ್ಪಾದಾಗ 0 ಕೊಡುತ್ತಿದ್ದ ಕಡೆ ನ್ಯಾನ್ ಸದ್ದಿಲ್ಲದೆ ಮುಂದಿನ ಲೆಕ್ಕಕ್ಕೆ ನುಗ್ಗುತ್ತದೆ. ಮ್ಯಾತ್‌ಎರ್ ಬದಲಿ ಬೆಲೆ ಕೊಡುತ್ತಿದ್ದರೆ ಲಾಗ್, ಪವ್ ಮುಂತಾದವಕ್ಕೆ ಒಂದೊಂದು ರ‍್ಯಾಪರ್ ಬರೆದು, ಆರ್ಗ್ಯುಮೆಂಟನ್ನು ಮೊದಲೇ ಪರೀಕ್ಷಿಸುವುದು ವಾಸಿ. ಬರೀ ಎಚ್ಚರಿಕೆ ಪ್ರಿಂಟ್ ಮಾಡುತ್ತಿದ್ದರೆ ಲೆಕ್ಕಕ್ಕೆ ಮುಂಚೆ ಎರರ್ ಫ್ಲ್ಯಾಗ್‌ಗಳನ್ನು ಅಳಿಸುವ ಎಫ್‌ಇ‌ಕ್ಲಿಯರ್‌ಎಕ್ಸೆಪ್ಟ್, ನಂತರ ಅವನ್ನು ನೋಡುವ ಎಫ್‌ಇ‌ಟೆಸ್ಟ್‌ಎಕ್ಸೆಪ್ಟ್ ಸಾಕು. ಲಾಗ್‌ಗೆ 0 ಕೊಟ್ಟರೆ ಎಫ್‌ಇ_ಡಿವ್‌ಬೈಝೀರೋ ಏಳುತ್ತದೆ, -1 ಕೊಟ್ಟರೆ ಎಫ್‌ಇ_ಇನ್‌ವ್ಯಾಲಿಡ್. ಆ ಲೆಕ್ಕವನ್ನು ಇನ್‌ಲೈನ್ ಆಗದ ಬೇರೆ ಫಂಕ್ಷನ್ನಿನಲ್ಲಿಡಿ, ಇಲ್ಲವಾದರೆ ಆಪ್ಟಿಮೈಸರ್ ಅದನ್ನು ಪರೀಕ್ಷೆಯ ಆಚೆಗೆ ಸರಿಸಿಬಿಡಬಹುದು.

ಹ್ಯೂಜ್ ಎಂಬ ಮ್ಯಾಕ್ರೋ ಕೂಡ ಅದೇ ಸಲ ಹೋಯಿತು. ಅದರ ಜಾಗಕ್ಕೆ ಎಲ್ಲರೂ ಕಣ್ಣುಮುಚ್ಚಿ ಹ್ಯೂಜ್_ವ್ಯಾಲ್ ಹಾಕುತ್ತಾರೆ. ಹಳೆಯದು 3.40282347e+38, ಅಂದರೆ ಫ್ಲೋಟ್‌ನ ಅತಿ ದೊಡ್ಡ ಬೆಲೆಯಾದ ಎಫ್‌ಎಲ್‌ಟಿ_ಮ್ಯಾಕ್ಸ್, ಹೊಸದು ಅನಂತ. ಕೋಡ್ ಎಲ್ಲಾದರೂ ಹ್ಯೂಜ್‌ನಿಂದ ಹ್ಯೂಜ್ ಕಳೆದರೆ ಹಿಂದೆ 0 ಬರುತ್ತಿತ್ತು, ಈಗ ನ್ಯಾನ್. ಎಫ್‌ಎಲ್‌ಟಿ_ಮ್ಯಾಕ್ಸ್ ಹಾಕಿ.

ಬಿಲ್ಡ್ ಸ್ಕ್ರಿಪ್ಟ್ ಮುಟ್ಟುವ ಹಾಗೇ ಇಲ್ಲವೆಂದರೆ, ಎಆರ್ ಕಮಾಂಡಿನಿಂದ ಲಿಬ್‌ಐಇಇಇ ಹೆಸರಿನ ಖಾಲಿ ಆರ್ಕೈವ್ ಮಾಡಿ, ಅದಿರುವ ಫೋಲ್ಡರನ್ನು ದೊಡ್ಡ ಎಲ್ ಆಪ್ಷನ್‌ನಲ್ಲಿ ತೋರಿಸಿ. ಲಿಂಕ್ ಆಗುತ್ತದೆ.