ಗೆಡ್ಡೆಯಂತೆ ಕಾಣುವ ಸೋಂಕು

ಪ್ರಶ್ನೆ: 5 ವರ್ಷದ ಮಗನ ಕುತ್ತಿಗೆ ಗಂಟಿನ ಬಯಾಪ್ಸಿ ವರದಿಯಲ್ಲಿ ‘ಕದಿರಿನಾಕಾರದ ಕೋಶಗಳ ಗೆಡ್ಡೆ’ ಎಂದಿದೆ. ವೈದ್ಯರು ಕ್ಷಯದ ಪರೀಕ್ಷೆಯನ್ನೂ ಹೇಳಿದ್ದಾರೆ, ಏಕೆ?

ಉತ್ತರ: ಸರಿಯಾಗಿಯೇ ಹೇಳಿದ್ದಾರೆ. ಮೈಕೋಬ್ಯಾಕ್ಟೀರಿಯಾ (ಕ್ಷಯದ ರೋಗಾಣು ಸೇರಿರುವ ಗುಂಪು) ನುಂಗಿದ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅಪರೂಪಕ್ಕೆ ಉದ್ದವಾಗಿ ಚಾಚಿಕೊಂಡು ಸಾರ್ಕೋಮಾ ಎಂಬ ಕ್ಯಾನ್ಸರನ್ನೇ ಹೋಲುತ್ತವೆ. ಜೀಲ್-ನೀಲ್ಸನ್ ಬಣ್ಣ ಹಾಕಿ ನೋಡಿದರೆ ಆ ಕೋಶಗಳೊಳಗೆ ಕೆಂಪು ಕಡ್ಡಿಗಳಂತೆ ಈ ಬ್ಯಾಕ್ಟೀರಿಯಾ ಕಿಕ್ಕಿರಿದಿರುತ್ತವೆ. ಮ್ಯಾಕ್ರೋಫೇಜ್ ಗುರುತಿಸುವ ಸಿಡಿ68 ಪರೀಕ್ಷೆ ಪಾಸಿಟಿವ್ ಬರುತ್ತದೆ. ಎಡವಟ್ಟಾಗುವುದು ಸಾಮಾನ್ಯವಾಗಿ ಆಪರೇಷನ್ ಕೋಣೆಯಲ್ಲೇ: ಇಡೀ ತುಣುಕನ್ನು, ಬ್ಯಾಕ್ಟೀರಿಯಾವನ್ನೂ ಕೊಲ್ಲುವ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಅಸಾಧ್ಯ. ಮತ್ತೆ ತುಣುಕು ತೆಗೆಯುವುದಾದರೆ ಒಂದು ಭಾಗ ಸಲೈನ್‌ನಲ್ಲಿ ಹೋಗಲಿ. ಕ್ಷಯದ ಜೀನ್ ಪರೀಕ್ಷೆಯಾದ ಸಿಬಿನ್ಯಾಟ್ ಫಲಿತಾಂಶ ಸುಮಾರು 2 ಗಂಟೆಯಲ್ಲಿ ಸಿಗುತ್ತದೆ, ಆದರೆ ಕ್ಷಯೇತರ ಮೈಕೋಬ್ಯಾಕ್ಟೀರಿಯಾ ಜಾತಿಗಳನ್ನು ಅದು ಹಿಡಿಯದು. ಕಲ್ಚರಿಗೆ 6–8 ವಾರ ಕಾಯಬೇಕು. ಜಾತಿ ತಿಳಿಯುವುದು ಮುಖ್ಯ: ಬಿಸಿಜಿ ಲಸಿಕೆಯಲ್ಲಿರುವ ತಳಿಗೆ ಪೈರಜಿನಮೈಡ್ ಎಂಬ ಕ್ಷಯದ ಔಷಧ ನಾಟುವುದಿಲ್ಲ. ಎಚ್‌ಐವಿ, ರೋಗನಿರೋಧಕ ಶಕ್ತಿಯ ಪರೀಕ್ಷೆಗಳನ್ನೂ ಕೇಳಿ ಮಾಡಿಸಿ.