ಸಂಪಾದಕರ ಉತ್ತರ: "ಮತ್ತೆ ಓದಿ ತಪ್ಪು ಮಾಡಿದೆನಾ?"

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರ ಉದ್ದವಿತ್ತು, ಪೂರ್ತಿ ಅಚ್ಚು ಮಾಡಲು ಜಾಗ ಸಾಲಲಿಲ್ಲ. ಉಳಿದವರಿಗಾಗಿ ಅದರಲ್ಲಿದ್ದ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹತ್ತನೇ ವಯಸ್ಸಿನಲ್ಲಿ ನೀವು ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಏಳೂ ಪುಸ್ತಕಗಳನ್ನು ಊಟ ನಿದ್ದೆ ಮರೆತು ಓದಿದ್ದಿರಿ. ಈಗ ಮಗಳ ಕೈಗೆ ಕೊಡುವ ಮೊದಲು ಒಮ್ಮೆ ನೋಡೋಣ ಎಂದು ಮತ್ತೆ ತೆಗೆದಿರಿ. ನೆನಪಿನಲ್ಲಿ ಪುಟಗಟ್ಟಲೆ ಇದ್ದ ಯುದ್ಧ ಶುರುವಾಗುವಷ್ಟರಲ್ಲಿ ಮುಗಿದುಹೋಯಿತು. ಆಸ್ಲಾನ್ ಎಂಬ ಸಿಂಹದ ಕಥೆಯ ಹಿಂದೆ ಕ್ರಿಸ್ತನ ಕಥೆ ಕಂಡು, ಅಂದು ಯಾರೋ ಮೋಸ ಮಾಡಿದ್ದರು ಅನಿಸಿತು. ಕೊನೆಯ ಪುಸ್ತಕದಲ್ಲಿ ಸೂಸನ್‌ಗೆ ಆದದ್ದು ಓದಿ ಸಿಟ್ಟು ಬಂತು. "ಮತ್ತೆ ಓದಿ ತಪ್ಪು ಮಾಡಿದೆನಾ? ಮಗಳಿಗೆ ಕೊಡಲಾ, ಬೇಡವಾ?" ಎಂದು ಕೇಳಿದ್ದೀರಿ.

ತಪ್ಪು ಮಾಡಿಲ್ಲ. ಮೊದಲು ಯುದ್ಧದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಹಿಡಿದಿಟ್ಟದ್ದು ಅದೇ ಭಾಗ. 1950ರಲ್ಲಿ ಬಂದ ಮೊದಲ ಪುಸ್ತಕ 'ದ ಲಯನ್, ದ ವಿಚ್ ಅಂಡ್ ದ ವಾರ್ಡ್ರೋಬ್'ನಲ್ಲಿ ಯುದ್ಧದ ಹೆಚ್ಚಿನ ಪಾಲು ನಮ್ಮ ಕಣ್ಣೆದುರು ನಡೆಯುವುದೇ ಇಲ್ಲ. ನಾರ್ನಿಯಾ ಎಂಬ ಮಾಯಾಲೋಕಕ್ಕೆ ಹೋದ ಪೀಟರ್, ಸೂಸನ್, ಎಡ್ಮಂಡ್, ಲೂಸಿ ಎಂಬ ನಾಲ್ವರು ಒಡಹುಟ್ಟಿದವರಲ್ಲಿ ಲೂಸಿ ಮತ್ತು ಸೂಸನ್ ಆಗ ಆಸ್ಲಾನ್ ಜೊತೆ ಬೇರೆ ಕಡೆ ಇದ್ದಾರೆ. ಕಥೆಯೂ ಅವರ ಹಿಂದೆಯೇ ಹೋಗುತ್ತದೆ. ಅವರು ಬಂದು ಸೇರಿದ ಕೆಲವೇ ನಿಮಿಷಗಳಲ್ಲಿ ಯುದ್ಧ ಮುಗಿಯುತ್ತದೆ. ಎಡ್ಮಂಡ್ ಮಾಟಗಾತಿಯ ಮಂತ್ರದಂಡವನ್ನು ಮುರಿದ ಆ ದೊಡ್ಡ ಗಳಿಗೆಯೂ ನಮಗೆ ಕಾಣುವುದಿಲ್ಲ. ಎಲ್ಲ ಮುಗಿದ ಮೇಲೆ ಪೀಟರ್ ಅದನ್ನು ಆಸ್ಲಾನ್‌ಗೆ ಹೇಳುತ್ತಾನೆ, ಅಷ್ಟೇ. ನೀವೋ, ಆ ದಂಡ ತುಂಡಾದ ಸದ್ದು ಇವತ್ತಿಗೂ ಕಿವಿಯಲ್ಲಿದೆ ಎಂದು ಬರೆದಿದ್ದೀರಿ! 2005ರ ಸಿನಿಮಾದಲ್ಲಿ ಯುದ್ಧ ಉದ್ದಕ್ಕೆ ಇದೆ, ಆದರೆ ಸಿನಿಮಾ ನೋಡಿಲ್ಲ ಎಂದೂ ಹೇಳಿದ್ದೀರಿ. ಹಾಗಾದರೆ ಆ ಸದ್ದು ನಿಮ್ಮದೇ. ಹತ್ತು ವರ್ಷದ ನೀವೇ ಮಾಡಿಕೊಂಡದ್ದು.

ಮನಶ್ಶಾಸ್ತ್ರಜ್ಞ ಫ್ರೆಡೆರಿಕ್ ಬಾರ್ಟ್ಲೆಟ್ 1932ರ ತಮ್ಮ ಪುಸ್ತಕದಲ್ಲಿ ಒಂದು ಪ್ರಯೋಗದ ವಿವರ ಕೊಟ್ಟಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಜನರಿಗೆ ಓದಿಸಿ, ಆಮೇಲೆ ನೆನಪಿನಿಂದ ಹೇಳಲು ಕೇಳಿದರು. ಕಥೆ ಪ್ರತಿ ಸಲ ಚಿಕ್ಕದಾಗುತ್ತಾ ಹೋಯಿತು. ವಿಚಿತ್ರ ಅನಿಸಿದ್ದೆಲ್ಲ ಉದುರಿತು, ಇಲ್ಲವೇ ಪರಿಚಿತ ಸಂಗತಿಯಾಗಿ ಬದಲಾಯಿತು. ಆ ದೊಡ್ಡವರು ಕಥೆಯನ್ನು ತಮ್ಮ ಅಳತೆಗೆ ಕತ್ತರಿಸಿಕೊಂಡರು. ನೀವು ಮಾಡಿದ್ದು ಅದರ ಉಲ್ಟಾ. ಒಂದು ಸಣ್ಣ ವರದಿಯನ್ನು ಹಿಡಿದು ಇಡೀ ರಣರಂಗ ಕಟ್ಟಿದಿರಿ. ಮಕ್ಕಳಿಗಾಗಿ ಬರೆದ ಒಳ್ಳೆಯ ಫ್ಯಾಂಟಸಿ ಬೇಕೆಂದೇ ಇಂಥ ಜಾಗ ಬಿಟ್ಟಿರುತ್ತದೆ. ಈಗ ಓದುವಾಗ ಆ ಜಾಗ ಬರಿದಾಗಿ ಕಂಡರೆ, ಪುಸ್ತಕ ಸಣ್ಣದಾಯಿತು ಎಂದು ಬೇಸರ ಬೇಡ. ಆ ಹುಡುಗಿ ಎಷ್ಟು ದೊಡ್ಡ ಕೆಲಸ ಮಾಡಿದ್ದಳು ಎಂದು ನಿಮಗೆ ಮತ್ತೆ ಓದಿದ್ದರಿಂದಲೇ ಗೊತ್ತಾಯಿತು, ಅಲ್ವಾ?

ಮೋಸದ ಮಾತಿಗೆ ಜಾಸ್ತಿ ಹೇಳಬೇಕಿಲ್ಲ. ಕಲ್ಲಿನ ಮೇಜಿನ ಮೇಲೆ ಸತ್ತು ಬಿದ್ದ ಸಿಂಹದ ಹಗ್ಗಗಳನ್ನು ಇಲಿಗಳು ಬಂದು ಕಡಿದುಹಾಕುವಾಗ ನೀವು ಅತ್ತಿದ್ದಿರಿ. ಅತ್ತದ್ದು ಆ ಸಿಂಹಕ್ಕಾಗಿ. ಕಥೆಯ ಬೇರು ಎಲ್ಲಿದೆ ಎಂದು ಆಮೇಲೆ ತಿಳಿದರೆ ಆ ಅಳು ಸುಳ್ಳಾಗುವುದಿಲ್ಲ. ಲೂಯಿಸ್ ತಮ್ಮ ನಂಬಿಕೆಯನ್ನು ಬಚ್ಚಿಟ್ಟವರೂ ಅಲ್ಲ. ನಾರ್ನಿಯಾದ ಶತ್ರು ನಾಡಾದ ಕ್ಯಾಲೋರ್ಮೆನ್‌ನ ಜನರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಅಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಪಕ್ಷ. ಅರಾವಿಸ್‌ಳಂಥ ಗಟ್ಟಿ ಹುಡುಗಿ ಆ ನಾಡಿನವಳೇ, ನಿಜ. ಆದರೂ ಕಪ್ಪು ಮೈಬಣ್ಣ, ಪೇಟ, ಕ್ರೌರ್ಯ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಶತ್ರುವಿನ ತಲೆಗೆ ಹೊರಿಸಿದ್ದು ಕೆಟ್ಟ ಕೆಲಸ. ಅದಕ್ಕೆ ಸಮಜಾಯಿಷಿ ಕೊಡಲು ನನಗೆ ಮನಸ್ಸಿಲ್ಲ.

ಈಗ ಸೂಸನ್. 1956ರ 'ದ ಲಾಸ್ಟ್ ಬ್ಯಾಟಲ್'ನಲ್ಲಿ ಅವಳು ಇನ್ನು ನಾರ್ನಿಯಾದ ಗೆಳತಿಯಲ್ಲ ಎಂದು ಅಣ್ಣ ಪೀಟರ್ ಚುಟುಕಾಗಿ ಹೇಳಿಬಿಡುತ್ತಾನೆ. ಅವಳಿಗೆ ಲಿಪ್‌ಸ್ಟಿಕ್, ನೈಲಾನ್ ಕಾಲುಚೀಲ, ಪಾರ್ಟಿಗಳ ಕರೆ ಬಿಟ್ಟು ಬೇರೇನೂ ಬೇಡ ಎಂದು ನಾರ್ನಿಯಾ ಕಂಡ ಇನ್ನೊಬ್ಬ ಹುಡುಗಿ ಜಿಲ್ ಸೇರಿಸುತ್ತಾಳೆ. ರೈಲು ಅಪಘಾತದಲ್ಲಿ ಪೀಟರ್, ಎಡ್ಮಂಡ್, ಲೂಸಿ, ಅಪ್ಪ, ಅಮ್ಮ ಎಲ್ಲರೂ ಸಾಯುತ್ತಾರೆ. ಸತ್ತವರು ನಿಜವಾದ ನಾರ್ನಿಯಾ ಸೇರುತ್ತಾರೆ, ಮಗು ಅದನ್ನು ಖುಷಿಯ ಕೊನೆ ಎಂದು ಓದುತ್ತದೆ. ದೊಡ್ಡವರಾದ ಮೇಲೆ ಓದಿದರೆ ಕಣ್ಣು ಇನ್ನೊಂದು ಕಡೆ ಹೋಗುತ್ತದೆ. ಈಚೆ ಉಳಿದ ಹುಡುಗಿಗೆ ಸುದ್ದಿ ಮುಟ್ಟಿಸಿದವರು ಯಾರು? ಅಷ್ಟೂ ಜನರ ಮಣ್ಣು ಮಾಡುವಾಗ ಅವಳ ಪಕ್ಕ ಯಾರು ನಿಂತಿದ್ದರು? ಪುಸ್ತಕ ಒಂದು ಮಾತೂ ಆಡುವುದಿಲ್ಲ. ಮನೆಯವರ ಸಾವು ಕಂಡವರಿಗೆ ಈ ಮೌನ ಸಹಿಸುವುದು ಕಷ್ಟ. ಲೂಯಿಸ್ 1957ರಲ್ಲಿ ಒಬ್ಬ ಎಳೆಯ ಓದುಗನಿಗೆ ಬರೆದ ಪತ್ರದಲ್ಲಿ, ಸೂಸನ್‌ಗೆ ಸರಿಹೋಗಲು ಇನ್ನೂ ಬೇಕಾದಷ್ಟು ಕಾಲವಿದೆ, ತನ್ನದೇ ದಾರಿಯಲ್ಲಿ ಅವಳೂ ಬಂದು ಸೇರಬಹುದು ಎಂದಿದ್ದರು. ನನಗೆ ಅದು ಸಾಲದು. ನಿಮ್ಮ ಸಿಟ್ಟು ನ್ಯಾಯವಾದದ್ದು, ಅದನ್ನು ಹಾಗೇ ಇಟ್ಟುಕೊಳ್ಳಿ.

ಸಿಟ್ಟು ಬಂದ ಮೇಲೆ ಮೊದಲಿನ ಪ್ರೀತಿಯನ್ನು ಏನು ಮಾಡಬೇಕು ಎನ್ನುವುದು ನಿಜವಾದ ಪ್ರಶ್ನೆ. ಇದು ಬರಹಗಾರರಿಗೂ ಎದುರಾಗಿದೆ. ಟೋಲ್ಕಿನ್ 1937ರಲ್ಲಿ ಮಕ್ಕಳಿಗಾಗಿ ಬರೆದ 'ದ ಹಾಬಿಟ್' ಪ್ರಕಟಿಸಿದರು. ಅದರಲ್ಲಿ ಬರುವ ಮಾಯದ ಉಂಗುರಕ್ಕೆ ಮುಂದಿನ ಕಥೆಯಲ್ಲಿ ಭಯಂಕರ ಅರ್ಥ ಬಂದಿದ್ದರಿಂದ 1951ರ ಆವೃತ್ತಿಯಲ್ಲಿ, ಆ ಉಂಗುರ ಮೊದಲು ಯಾರ ಬಳಿ ಇತ್ತೋ ಆ ಗೊಲಮ್‌ನ ಅಧ್ಯಾಯವನ್ನು ತಿದ್ದಿದರು. ಅದು ಚೆನ್ನಾಗಿಯೇ ಕೂತಿತು. ಆದರೆ 1960ರಲ್ಲಿ ಇಡೀ ಪುಸ್ತಕವನ್ನು ದೊಡ್ಡವರ ಗಂಭೀರ ಧಾಟಿಯಲ್ಲಿ ಮತ್ತೆ ಬರೆಯಲು ಕೂತರು, ಕೆಲವು ಅಧ್ಯಾಯಗಳಾದ ಮೇಲೆ ಕೈಬಿಟ್ಟರು. ಓದಿದ ಒಬ್ಬರು "ಚೆನ್ನಾಗಿದೆ, ಆದರೆ ಇದು ಹಾಬಿಟ್ ಅಲ್ಲ" ಅಂದರಂತೆ.

ಅರ್ಸುಲಾ ಲೆ ಗ್ವಿನ್ ಬೇರೆ ದಾರಿ ಹಿಡಿದರು. ಅವರ 'ಅರ್ಥ್‌ಸೀ'ಯ ಮೊದಲ ಮೂರು ಪುಸ್ತಕಗಳು ಬಂದದ್ದು 1968ರಿಂದ 1972ರ ನಡುವೆ. ಆ ಲೋಕದಲ್ಲಿ ಮಾಂತ್ರಿಕರ ಶಾಲೆ ಗಂಡಸರಿಗೆ ಮಾತ್ರ. ಹೆಂಗಸರ ಮಂತ್ರ ದುರ್ಬಲ, ದುಷ್ಟ ಎಂಬ ಗಾದೆಯೂ ಅಲ್ಲಿದೆ. ಬರೆದಾಕೆ ಸ್ವತಃ ಹೆಣ್ಣು! ವರ್ಷಗಳು ಕಳೆದಂತೆ ಅವರಿಗೇ ಇದು ಚುಚ್ಚಿತು. ಹಳೆಯ ಪುಸ್ತಕಗಳನ್ನು ಅವರು ತಿದ್ದಿ ಬರೆಯಲಿಲ್ಲ. 1990ರಲ್ಲಿ 'ತೆಹಾನು' ಬರೆದರು. ಅದೇ ದ್ವೀಪಗಳು, ಅದೇ ಮಾಂತ್ರಿಕ ಗೆಡ್. ಆದರೆ ಈಗ ಅವನ ಶಕ್ತಿಯೆಲ್ಲ ಮುಗಿದಿದೆ. ಕಥೆ ನಡೆಯುವುದು ಎರಡನೆಯ ಪುಸ್ತಕದ ಹುಡುಗಿ ಟೆನಾರ್ ಜೊತೆ. ಅವಳು ಈಗ ನಡುವಯಸ್ಸಿನ ರೈತ ವಿಧವೆ, ಬೆಂಕಿಯಲ್ಲಿ ಬೆಂದ ಒಂದು ಹೆಣ್ಣುಮಗುವನ್ನು ಸಾಕುತ್ತಿದ್ದಾಳೆ. ಮೊದಲ ಪುಸ್ತಕಗಳು ನೋಡದೆ ಬಿಟ್ಟ ಅಡುಗೆಮನೆ, ಕೊಟ್ಟಿಗೆ, ಭಯ ಎಲ್ಲ ಇಲ್ಲಿ ಬರುತ್ತವೆ. ಹಳೆಯ ಮೂರೂ ಪುಸ್ತಕಗಳು ತಮ್ಮ ಜಾಗದಲ್ಲೇ ಇವೆ. ನೀವೂ ಹಾಗೇ ಮಾಡಿ ಎನ್ನುತ್ತೇನೆ. ಹತ್ತರ ಓದನ್ನು ತಿದ್ದಲು ಹೋಗಬೇಡಿ, ಅದರ ಪಕ್ಕದಲ್ಲಿ ಈಗಿನ ಓದನ್ನು ಇಡಿ. ಎರಡಕ್ಕೂ ಜಗಳ ಬಂದರೆ ಬರಲಿ. ಈ ವಾರವೇ 'ತೆಹಾನು' ಹುಡುಕಿ ಓದಿ. ಅದು ನಿಮಗೆ, ಮಗಳಿಗಲ್ಲ. ಅವಳಿಗೆ ಇನ್ನೂ ಕಾಲವಿದೆ.

ಮಗಳಿಗೆ ನಾರ್ನಿಯಾ ಧಾರಾಳವಾಗಿ ಕೊಡಿ. ಒಂದು ಎಚ್ಚರಿಕೆ ಮಾತ್ರ. ಈಗಿನ ಹೆಚ್ಚಿನ ಮುದ್ರಣಗಳಲ್ಲಿ 'ದ ಮ್ಯಾಜಿಶಿಯನ್ಸ್ ನೆಫ್ಯೂ' ಮೊದಲ ಪುಸ್ತಕ ಎಂದಿರುತ್ತದೆ. ಕಥೆಯ ಕಾಲದ ಲೆಕ್ಕದಲ್ಲಿ ಅದು ಸರಿ, ಆದರೆ ಲೂಯಿಸ್ ಅದನ್ನು ಪ್ರಕಟಿಸಿದ್ದು ಆರನೆಯದಾಗಿ, 1955ರಲ್ಲಿ. ಕಾಡಿನ ನಡುವೆ ಒಂಟಿ ದೀಪದ ಕಂಬ ಯಾಕಿದೆ ಎಂಬ ಗುಟ್ಟು ಅದರಲ್ಲಿದೆ. ಮೊದಲೇ ಅದನ್ನು ಓದಿಬಿಟ್ಟರೆ, ಬೀರುವಿನೊಳಗಿಂದ ಹಿಮಕ್ಕೆ ಕಾಲಿಟ್ಟ ಲೂಸಿಗೆ ಆಗುವ ಅಚ್ಚರಿ ನಿಮ್ಮ ಮಗಳಿಗೆ ಆಗುವುದಿಲ್ಲ. 1950ರ ಪುಸ್ತಕದಿಂದಲೇ ಶುರುಮಾಡಿಸಿ. ಮುನ್ನುಡಿ ಹೇಳಬೇಡಿ, ಕ್ರಿಸ್ತನ ವಿಷಯ ಬೇಡ, ಸೂಸನ್ ವಿಷಯವೂ ಬೇಡ. ಸುಮ್ನೆ ಓದಲು ಬಿಡಿ. ಕ್ಯಾಲೋರ್ಮೆನ್ ಬಂದಾಗ ಮಾತ್ರ ಜೊತೆಯಲ್ಲಿ ಕೂತು ನಿಮಗೆ ಏನನಿಸುತ್ತದೋ ಹೇಳಿ.

ಏಳನೆಯದು ಮುಗಿದ ಮೇಲೆ ಅವಳೇ ಸೂಸನ್ ಬಗ್ಗೆ ಕೇಳಬಹುದು, ಕೇಳದೆಯೂ ಇರಬಹುದು. ಕೇಳಿದರೆ ನೀವಿಬ್ಬರೂ ಏನು ಮಾತಾಡಿಕೊಂಡಿರಿ ಎಂದು ನಮಗೆ ಬರೆಯಿರಿ. ಈ ಪುಟದಲ್ಲಿ ಅದಕ್ಕೆ ಜಾಗ ಇರುತ್ತದೆ.

ವಿಶ್ವಾಸದಿಂದ,
ಸಂಪಾದಕ