ಸಂಜೆ ಮಾತ್ರ ನಿಧಾನವಾಗುವ ವೈಫೈ

ಸಿಗ್ನಲ್ ಪೂರ್ತಿ ಇದ್ದರೂ ಸಂಜೆ ಹೊತ್ತು ಮಾತ್ರ ವಿಡಿಯೋ ನಿಂತು ನಿಂತು ಬರುತ್ತದೆ ಅಂದಿದ್ದೀರಿ. ದಯವಿಟ್ಟು ಸುಮ್ನೆ ಹೊಸ ರೂಟರ್ ಕೊಳ್ಳಬೇಡಿ. ಮೊದಲು ಅದೇ ಹೊತ್ತಿನಲ್ಲಿ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೂಟರ್‌ಗೆ ಜೋಡಿಸಿ ವೇಗ ನೋಡಿ. ಅಲ್ಲೂ ನಿಧಾನ ಇದ್ದರೆ ತೊಂದರೆ ಬಹುಶಃ ಲೈನಿನದ್ದು, ಸೇವೆ ಕೊಡುವವರಿಗೆ ದೂರು ಕೊಡಿ.

ಕೇಬಲ್‌ನಲ್ಲಿ ಚೆನ್ನಾಗಿದ್ದರೆ ನನ್ನ ಅನುಮಾನ ಅಕ್ಕಪಕ್ಕದ ವೈಫೈಗಳ ಮೇಲೆ. ಫೋನಿನಲ್ಲಿ ಕಾಣುವ ವೈಫೈ ಕಡ್ಡಿಗಳು ಸಿಗ್ನಲ್ ಎಷ್ಟು ಜೋರು ಅಂತ ಹೇಳುತ್ತವೆ, ದಾರಿ ಎಷ್ಟು ಖಾಲಿ ಅಂತ ಅಲ್ಲ. ವೈಫೈ ಬಳಸುವ ತರಂಗಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ ಒಂದಕ್ಕೊಂದು ತಾಗದ ಚಾನೆಲ್‌ಗಳು (ಸಿಗ್ನಲ್ ಸಾಗುವ ದಾರಿಗಳು) ಮೂರೇ: 1, 6, 11. ಸಂಜೆ ಎಲ್ಲರೂ ಅಲ್ಲೇ ಸೇರುತ್ತಾರೆ, ಅಲ್ವಾ? ಫೋನನ್ನು ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ಗೆ ಬದಲಿಸಿ. ಅದು ಗೋಡೆ ದಾಟುವುದು ಕಡಿಮೆ, ಹಾಗಾಗಿ ರೂಟರ್ ಕಪಾಟಿನೊಳಗಿದ್ದರೆ ಹೊರಗೆ ತೆಗೆದು ಎತ್ತರದಲ್ಲಿಡಿ.

ಕೇಬಲ್ ಪರೀಕ್ಷೆಯಲ್ಲಿ ಏನು ಬಂತು ಅಂತ ಬರೆಯಿರಿ, ಮುಂದಿನದು ನೋಡೋಣ.